ಗ್ವಾಡಿ ಮ್ಯಾಲಿನ ಪೈಲ್ವಾನ ಯಾರು?

ನಮ್ಮ ಕಡೆ ಹಳೇ ಮನಿ ಪಡಸಾಲಿ ಗ್ವಾಡಿ ನೋಡ್ರಿ. ಮೊದಲ ದೇವರ ಫೋಟೋ, ಆಮ್ಯಾಲ ಮನಿ ಹಿರಿಯರದು, ಅದರ ಬಾಜೂಕ ಮದುವಿ ಫೋಟೋ. ಕಡೀಕ ಮೂಲ್ಯಾಗ ಒಬ್ಬ ಪೈಲ್ವಾನ ಲಂಗೋಟಿ ಬಿಗಿದು, ಎದಿ ಉಬ್ಬಿಸಿ, ಹೆಗಲ ಮ್ಯಾಲ ಗದೆ ಇಟ್ಕೊಂಡು ನಿಂತಿರತಾನ. ಇವ ಯಾರು ಅಂತ ಕೇಳಿದ್ರ ಮನಿ ಮಂದಿ, "ಯಾರೋ ಗಾಮಾ ಪೈಲ್ವಾನ ಅಂತಾರವಾ" ಅಂದು ಚಾ ಇಡಾಕ ಹೋಗಿಬಿಡತಾರ.

ಎಲ್ಲಾರೂ ಹೆಂಗ ಗಾಮಾ ಆದಾರು? ಈ ಪ್ರಶ್ನಿ ಬೆನ್ನ ಹತ್ತಿ ನಾನು ಪೈಲ್ವಾನರ ಹಳೇ ಫೋಟೋ ಕೂಡಿಸಾಕ ಶುರು ಮಾಡಿ ಹತ್ತು ವರ್ಷದ ಮ್ಯಾಲಾತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಬೀಗರ ಮನಿ, ತವರಮನಿ, ಗೆಳತ್ಯಾರ ಮನಿಯಿಂದ ಬಂದದ್ದು ಒಟ್ಟು 38. ಕೆಲವು ಅಸಲಿ, ಬಾಕೀವು ಮೊಬೈಲನ್ಯಾಗ ತಕ್ಕೊಂಡ ನಕಲು. ಮಧ್ಯಾಹ್ನ ಊಟದ ಗಂಗಾಳ ತೊಳದಿಟ್ಟ ಮ್ಯಾಲ ಓಣಿ ಹೆಣ್ಣಮಕ್ಕಳು ಕೂಡತೇವಿ, ಒಂದೊಂದ ಫೋಟೋ ಕೈಯಿಂದ ಕೈಗೆ ಹೋಗತೈತಿ, ಜಗಳನೂ ಆಗತಾವ. ಮೊದಮೊದಲು ನಮ್ಮ ಯಜಮಾನ್ರು "ಪರಗಂಡಸರ ಲಂಗೋಟಿ ಫೋಟೋ ಇಟ್ಕೊಂಡು ಏನ ಮಾಡತೀರಿ" ಅಂತ ನಗತಿದ್ರು. ಈಗ ಅವರ ಬೇರೆ ಊರಿಗೆ ಹೋದಾಗ ಕೇಳಿಕೊಂಡು ಬರತಾರ.

ಮೊದಲ ಗಾಮಾನ ವಿಷಯ ಮುಗಿಸೂಣು. ಗಾಮಾ ಪಂಜಾಬ ಕಡಿಯವ. 1910ರಾಗ ಲಂಡನ್ನಿಗೆ ಹೋಗಿ ಅಲ್ಲಿ ದೊಡ್ಡ ದೊಡ್ಡ ಬಿಳಿ ಪೈಲ್ವಾನರ ಮುಂದ ನಿಂತಾವ. ಪೋಲಂಡಿನ ಝಿಬಿಸ್ಕೋ ಅನ್ನಾವನ ಕೂಡ ಆಗ ಕುಸ್ತಿ ಸಮ ಆಗಿತ್ತು. 1928ರಾಗ ಪಟಿಯಾಲಾದಾಗ ಮತ್ತ ಕೂಡಿದಾಗ ಒಂದು ನಿಮಿಷದೊಳಗ ಅವನ್ನ ಚಿತ್ ಮಾಡಿದ. 1922ರಾಗ ಭಾರತಕ್ಕ ಬಂದಿದ್ದ ಇಂಗ್ಲೆಂಡಿನ ಯುವರಾಜ ಅವನಿಗೆ ಬೆಳ್ಳಿ ಗದೆ ಕೊಟ್ಟಿದ್ದ. ಆ ಗದೆ ಹಿಡಿದ ಚಿತ್ರ ಛಾಪಾ ಆಗಿ ದೇಶದ ತುಂಬ ಹೋತು. ಗರಡಿ ಮನ್ಯಾಗ, ಚಾದಂಗಡ್ಯಾಗ, ಕ್ಷೌರದಂಗಡ್ಯಾಗ ಹನಮಪ್ಪನ ಬಾಜೂಕ ಅವನೂ ಬಂದು ಕುಂತ. ಆಮ್ಯಾಲ ಗದೆ ಹಿಡದಾವರೆಲ್ಲಾ ಗಾಮಾನ ಆದ್ರು. ನಮ್ಮ ಕಾಕಾ, ಮಾವ, ಮುತ್ತ್ಯಾ ಸೈತ.

ಛಾಪಾ ಚಿತ್ರನೋ ಅಸಲಿ ಫೋಟೋನೋ ಅನ್ನೂದು ತಿಳಕೊಳ್ಳೂದು ಸರಳ ಐತಿ. ಭೂತಗನ್ನಡಿ ಹಿಡದು ಮಾರಿ ಮ್ಯಾಲ ನೋಡ್ರಿ. ಛಾಪಾ ಆದದ್ದಿದ್ರ ರವಾದ್ಹಂಗ ಸಣ್ಣ ಸಣ್ಣ ಚುಕ್ಕಿ ಕಾಣತಾವ. ಅಸಲಿ ಫೋಟೋದಾಗ ಚುಕ್ಕಿ ಇರಂಗಿಲ್ಲ, ಕಪ್ಪು ಬಿಳಪಿನ್ಯಾಗ ಮೆತ್ತಗ ಕರಗಿರತೈತಿ. ಬಹಳ ಹಳೇದಾದ್ರ ಕಪ್ಪು ಇದ್ದಲ್ಲಿ, ಅದರಾಗೂ ಅಂಚಿಗೆ, ಬೆಳ್ಳಿ ಬಣ್ಣದ ಹೊಳಪು ಏಳತೈತಿ. ಯಾಕಂದ್ರ ಆಗಿನ ಫೋಟೋದಾಗ ಖರೇನ ಬೆಳ್ಳಿ ಇರತಿತ್ತು. ಈ ಪರೀಕ್ಷಾ ಮಾಡಿದ ಮ್ಯಾಲ ನನ್ನ 38ರಾಗ ಗಾಮಾ ಅಂತ ಉಳದವು 3, ಮೂರೂ ಛಾಪಾ. ಉಳದ 35 ಮಂದಿ ನಮ್ಮಾವರ.

ನಮ್ಮಾವರು ಅಂದ್ನೆಲ್ಲ, ಆಗ ನಾವು ಒಂದ ರಾಜ್ಯದಾವರು ಇದ್ದಿದ್ದಿಲ್ಲ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕ ಸೇರಿತ್ತು, ಕೂಗಿದ್ರ ಕೇಳೂವಷ್ಟು ಸನೇದಾಗಿನ ರಬಕವಿ ಸಾಂಗಲಿ ಸಂಸ್ಥಾನಕ್ಕ. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲಾದಾಗಿತ್ತು. ಇಷ್ಟ ಸಣ್ಣ ಹರವಿನ್ಯಾಗ ನಾಕು ದೊರೆತನ! (ಮುಧೋಳ ಅಂದ್ರ ಮಂದಿಗೆ ನಾಯಿ ನೆನಪಾಗತೈತಿ, ಮಾಲೋಜಿರಾವ ಘೋರ್ಪಡೆಯವರು ಆ ಬ್ಯಾಟಿನಾಯಿ ತಳಿ ಉಳಿಸಿದ್ದಕ್ಕ. ನನ್ನ ಒಂದು ಫೋಟೋದಾಗ ಪೈಲ್ವಾನನ ಕಾಲಬಾಜೂಕ ಅಂಥಾದ ಒಂದು ಬಡಕ ನಾಯಿ ನಿಂತೈತಿ. ನಾಯಿ ಗುರ್ತು ಸಿಕ್ಕತಿ, ಮನಿಷ್ಯಾನದು ಸಿಕ್ಕಿಲ್ಲ.)

ಸಂಸ್ಥಾನದ ಕಾಲದಾಗ ಕುಸ್ತಿ ಅಂದ್ರ ಉದ್ಯೋಗ. ರಾಜರು ಪೈಲ್ವಾನರನ್ನ ಇಟ್ಕೊಂಡು ಖುರಾಕು ಕೊಡತಿದ್ರು. ಹಾಲು, ತುಪ್ಪ, ಬದಾಮಿ, ಅದರ ಮ್ಯಾಲ ಕೈಖರ್ಚಿಗೆ ರೊಕ್ಕ. ಇದರಾಗ ಕೊಲ್ಲಾಪುರದ ಶಾಹೂ ಮಹಾರಾಜರದು ದೊಡ್ಡ ಕೈ. ಖಾಸಬಾಗ ಕುಸ್ತಿ ಮೈದಾನ 1912ರಾಗ ತಯಾರಾತು. ನಮ್ಮ ಕಡಿ ಹುಡುಗರು ಕಸುವು ಬಂತು ಅಂದ್ರ ಕುಡಚಿ ಸ್ಟೇಶನ್ನಿಗೆ ಹೋಗಿ ರೈಲು ಹತ್ತಿ, ಮೀರಜ ಮ್ಯಾಲ ಹಾದು ಕೊಲ್ಲಾಪುರ ಸೇರತಿದ್ರು. ಗೆದ್ದಾವ ಅಲ್ಲೇ ಸ್ಟುಡಿಯೋಕ್ಕ ಹೋಗಿ ಒಂದು ಫೋಟೋ ತಗಸಿ ಮನಿಗೆ ಕಳಸತಿದ್ದ. ನಮ್ಮ ಹಳೇ ಫೋಟೋದ ರಟ್ಟಿನ ಮ್ಯಾಲ ಸಾಂಗಲಿ, ಮೀರಜ, ಕೊಲ್ಲಾಪುರ, ಬೆಳಗಾವಿ ಹೆಸರು ಒತ್ತಿರೂದು ಅದಕ್ಕ. ಹಿಂದಿನ ಪರದೇದಾಗ ಅರಮನಿ ಮೆಟ್ಟಿಲ, ಕುಂಡ, ಕಂಬ ಬರದಿರತಾರ. ಕೆಮ್ಮಣ್ಣಿನ ಕಣದಾಗ ಹೊರಳಾಡಿದಾವ ಅರಮನಿ ಮೆಟ್ಟಿಲ ಮುಂದ ಬರಿಗಾಲಿಲೆ ನಿಂತಿರತಾನ. ನನಗ ಈ ಫೋಟೋ ನೋಡಿದ್ರ ಒಂದ ಸಲಕ್ಕ ನಗೂನೂ ಬರತೈತಿ, ಹೊಟ್ಟ್ಯಾಗ ಕಳವಳನೂ ಆಗತೈತಿ.

1948ರ ಮಾರ್ಚಿನ್ಯಾಗ ಜಮಖಂಡಿ, ಮುಧೋಳ ಸಂಸ್ಥಾನ ಭಾರತದಾಗ ವಿಲೀನ ಆದವು. ಎಲ್ಲಾರಿಗೂ ಸಂತೋಷದ ಮಾತ, ಸಂಶಯ ಇಲ್ಲ. ಖರೆ ಪೈಲ್ವಾನನ ಖುರಾಕು ನಿಂತು ಹೋತು. ಈ ಬದಲಾವಣಿ ಎಷ್ಟು ಚುರುಕ ಆತು ಅನ್ನೂದಕ್ಕ ಕರಾಡ ಹತ್ತರ ಗೋಳೇಶ್ವರದ ಖಾಶಾಬಾ ಜಾಧವರ ಕತಿ ನೋಡ್ರಿ. 1948ರಾಗ ಲಂಡನ್ ಒಲಿಂಪಿಕ್ಸಿಗೆ ಅವರನ್ನ ಕಳಿಸಾಕ ರೊಕ್ಕ ಕೊಟ್ಟಾವರು ಕೊಲ್ಲಾಪುರದ ಮಹಾರಾಜರು. ಅಲ್ಲಿ ಆರನೇ ಸ್ಥಾನ ಬಂತು. ನಾಕ ವರ್ಷಕ್ಕ, 1952ರಾಗ, ಹೆಲ್ಸಿಂಕಿಗೆ ಹೋಗೂ ಹೊತ್ತಿಗೆ ಕೊಡೂ ಮಹಾರಾಜ ಇಲ್ಲ. ಅವರು ಕಲಿತ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ ಅವರು ತಮ್ಮ ಮನಿ ಒತ್ತಿ ಇಟ್ಟು 7,000 ರೂಪಾಯಿ ಕೊಟ್ರು. ಊರಾವರೂ ಪಟ್ಟಿ ಹಾಕಿದ್ರು. ಜಾಧವರು ಕಂಚು ತಂದ್ರು, ಸ್ವತಂತ್ರ ಭಾರತಕ್ಕ ಒಬ್ಬನ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ನೂರಕ್ಕೂ ಹೆಚ್ಚು ಚಕ್ಕಡಿ ಕಟ್ಟಿ ಮೆರವಣಿಗಿ ಮಾಡಿ ಕರಕೊಂಡು ಬಂದ್ರು. ಆಮ್ಯಾಲ ಪೊಲೀಸ ಇಲಾಖೆ ಸೇರಿದ್ರು, 1984ರಾಗ ರಸ್ತಾ ಅಪಘಾತದಾಗ ತೀರಿದ್ರು. ಅರ್ಜುನ ಪ್ರಶಸ್ತಿ ಅವರು ಹೋದ ಎಷ್ಟೋ ವರ್ಷದ ಮ್ಯಾಲ ಬಂತು. ಮನಿ ಒತ್ತಿ ಇಡಾಕ ಪ್ರಾಂಶುಪಾಲರ ಮನಿಯಾಕಿ ಏನಂದಿರಬೇಕು ಅಂತ ನಮ್ಮ ಮಧ್ಯಾಹ್ನದ ಕೂಟದಾಗ ಒಂದು ತಾಸು ಮಾತಾಗೇತಿ.

ಅಂದ ಮ್ಯಾಲ ನಮ್ಮ ನೆಲದ ಹೆಸರೂ ಹೇಳಬೇಕು. 1959ರಾಗ ಮೊದಲ ಹಿಂದ ಕೇಸರಿ ಆದ ಶ್ರೀಪತಿ ಖಂಚನಾಳೆ ಅವರ ಮೂಲ ಊರು ನಮ್ಮ ಚಿಕ್ಕೋಡಿ ಕಡಿ ಯಕ್ಸಂಬಾ. ಪಂಜಾಬದ ಬಂತಾಸಿಂಗನ್ನ ಸೋಲಿಸಿದಾವರು. ತಾಲೀಮು ಎಲ್ಲಾ ಕೊಲ್ಲಾಪುರದಾಗ, 2020ರ ಡಿಸೆಂಬರದಾಗ ತೀರಿದ್ದೂ ಅಲ್ಲೇ. ಹಿಂಗಾಗಿ ಅವರನ್ನ ಅಲ್ಲ್ಯಾವರು ತಮ್ಮಾವರು ಅಂತಾರ, ಇಲ್ಲ್ಯಾವರಿಗೆ ಗೊತ್ತಾ ಇರಂಗಿಲ್ಲ. ಅವರ ಚಿತ್ರ ಒಂದು ಮನ್ಯಾಗ ಸಿಕ್ಕಾಗ ಅದಕ್ಕೂ ಗಾಮಾ ಅಂತನ ಹೆಸರಿತ್ತು!

ಹೆಸರಿಲ್ಲದ ಫೋಟೋದಾಗ ಏನೇನು ಹುಡುಕಬೇಕು ಅಂತ ಬಹಳ ಮಂದಿ ಕೇಳತೀರಿ. ನಾನು ಮೊದಲ ಕಿವಿ ನೋಡತೇನಿ. ವರ್ಷಾನುಗಟ್ಟಲೆ ಕುಸ್ತಿ ಹಿಡದಾವನ ಕಿವಿ ತಿಕ್ಕಿಸಿಕೊಂಡು ತಿಕ್ಕಿಸಿಕೊಂಡು ಒಳಗ ರಕ್ತ ಗಟ್ಟಿಯಾಗಿ ಮುದುಡಿ ಹೋಗಿರತೈತಿ. ಕಿವಿ ಒಡದಿದ್ರ ಖರೇ ಪೈಲ್ವಾನ. ಕಿವಿ ನೆಟ್ಟಗಿದ್ದು ಗದೆ ಹೊಳೀತಿದ್ರ ಯಾರೋ ಸಾವಕಾರ್ರ ಮಗ ಸ್ಟುಡಿಯೋದಾಗ ಹವಸಕ್ಕ ತಗಸಿದ್ದು. ನನ್ನ ಕಡೆ ಇಂಥಾವು 4 ಅದಾವ, ಯಾರ್ಯಾರ ಮನ್ಯಾವು ಅಂತ ಹೇಳಂಗಿಲ್ಲ. ಆಮ್ಯಾಲ ಫೋಟೋದ ಆಕಾರ. ದಪ್ಪ ರಟ್ಟಿಗೆ ಹಚ್ಚಿದ್ದು ಬಹಳ ಹಳೇದು. ಅಂಚು ಕರಿಕಡುಬಿನ್ಹಂಗ ಡೊಂಕಡೊಂಕ ಕತ್ತರಿಸಿದ್ದು 1930ರಿಂದ 60ರತನಕದ್ದು. ಚೌಕ ಸಣ್ಣ ಫೋಟೋ ಇದ್ರ ಆಗ್ಫಾ ಕ್ಲಿಕ್-3 ಅಂಥಾ ಕ್ಯಾಮೆರಾ ಮಧ್ಯಮ ವರ್ಗದ ಮನಿಗೆ ಬಂದ ಮ್ಯಾಲಿಂದು. ಹಿಂದ ಪೋಸ್ಟ್ ಕಾರ್ಡಿನ ಗೆರಿ ಇದ್ರ ವಿಳಾಸ ಬರದಿರಬಹುದು, ಬಿಸಲಿಗೆ ಓರಿ ಹಿಡದು ನೋಡ್ರಿ.

ಇಷ್ಟೆಲ್ಲಾ ಪುಸ್ತಕದ ಜಾಣತನ. ಖರೇ ಗುರ್ತು ಹಚ್ಚೂದು ಮನಿ ಹೆಣ್ಣಮಕ್ಕಳು. ಬನಹಟ್ಟಿಯಿಂದ ಬಂದ ಒಂದು ಫೋಟೋ ಐತಿ. ಸ್ಟುಡಿಯೋ ಅಲ್ಲ, ಮನಿ ಅಂಗಳದಾಗ ತಗದದ್ದು. ಪೈಲ್ವಾನನ ಹಿಂದ ಪರದೆ ಅಂತ ಒಂದು ಕೌದಿ ಕಟ್ಟ್ಯಾರ. ವರ್ಷಗಟ್ಟಲೆ ಯಾರಿಗೂ ಗುರ್ತು ಸಿಗಲಿಲ್ಲ. ಎಂಬತ್ತು ದಾಟಿದ ನೇಕಾರ ಮನಿ ಅಜ್ಜಿ ಒಬ್ಬಾಕಿ ಕೈಗೆ ಕೊಟ್ರ ಆಕಿ ಪೈಲ್ವಾನನ ಮಾರಿ ನೋಡಲೇ ಇಲ್ಲ. ಕೌದಿ ಮ್ಯಾಲ ಬೆರಳಿಟ್ಟು, "ಈ ಮೂಲಿ ತೇಪಿ ನಮ್ಮತ್ತಿ ಹಚ್ಚಿದ್ದು, ಮಗ್ಗದ ಮ್ಯಾಲ ಉಳದ ತುಣಕು" ಅಂದ್ಳು. ಅಲ್ಲಿಂದ ಮನಿ ಗೊತ್ತಾತು, ಮನಿಯಿಂದ ಮೈದುನ ಗೊತ್ತಾದ, ಬನಹಟ್ಟಿ ಕಾಡಸಿದ್ಧೇಶ್ವರ ಜಾತ್ರ್ಯಾಗ ಆತ ಹಿಡದ ಕುಸ್ತಿ ಕತಿ ಬಂತು. ಆತನ ಸಲುವಾಗಿ ತಾನು ನಸಿಕಿನ್ಯಾಗ ಎದ್ದು ಬದಾಮಿ ತಿಕ್ಕಿದ್ದು, ಮನ್ಯಾಗಿನ ಎಮ್ಮಿ ಹಾಲೆಲ್ಲಾ ಆತನ ತಂಬಿಗ್ಗೆ ಹೋಗಿ ತನ್ನ ಮಕ್ಕಳಿಗೆ ನೀರು ಮಜ್ಜಿಗಿ ಉಳದದ್ದೂ ಬಂತು. ಸಿಟ್ಟಿಲೆ ಹೇಳಲಿಲ್ಲ. ಹೇಳಿ ಮುಗಿಸಿ "ಗೆದ್ದಾಗ ಓಣ್ಯಾಗ ನಮಗೂ ಮರ್ಯಾದಿ ಇತ್ತವಾ" ಅಂದ್ಳು.

ರಾಜರ ಖುರಾಕು ನಿಂತ ಮ್ಯಾಲ ಆ ಖುರಾಕು ಎಲ್ಲಿಂದ ಬಂತು ಅಂತ ಇತಿಹಾಸದ ಪುಸ್ತಕದಾಗ ಹುಡಕಬ್ಯಾಡ್ರಿ. ಇಂಥಾ ಅಡಗಿಮನಿಯಿಂದ ಬಂತು. 35 ಫೋಟೋದಾಗ ಹೆಣ್ಣಮಕ್ಕಳು ಕಾಣೂದು ಒಂದರಾಗ ಅಷ್ಟ. ಬೀಳಗಿ ಕಡಿ ಫೋಟೋ, ಬಾಗಿಲ ಮರೀಗೆ ಇಳಕಲ್ ಸೀರಿ ಸೆರಗಿನ ಅಂಚು, ಮಾರಿ ಇಲ್ಲ.

ಕಣದಾಗ ಇಳದ ಹೆಣ್ಣಮಗಳೂ ಇದ್ಳು. 2024ರ ಮೇ 4ಕ್ಕ ಗೂಗಲ್‌ನಾಗ ಒಬ್ಬಾಕಿ ಪೈಲ್ವಾನಳ ಚಿತ್ರ ಬಂದಿತ್ತಲ್ಲ, ಆಕಿ ಹಮೀದಾ ಬಾನು. ನನ್ನ ಸೋಲಿಸಿದಾವನ್ನ ಮದುವಿ ಆಗತೇನಿ ಅಂತ ಗಂಡಸರಿಗೆ ಸವಾಲು ಹಾಕಿದಾಕಿ. 1954ರಾಗ ಬರೋಡಾದಾಗ ಬಾಬಾ ಪೈಲ್ವಾನ ಅನ್ನಾವನ್ನ 1 ನಿಮಿಷ 34 ಸೆಕೆಂಡಿನ್ಯಾಗ ಕೆಡವಿದ್ಳು. ಆಕಿ ಫೋಟೋ ತೋರಿಸಿದಾಗ ನಮ್ಮ ಕೂಟದಾಗ ಗದ್ದಲೋ ಗದ್ದಲ. "ಆಕಿಗೆ ಬದಾಮಿ ಯಾರು ತಿಕ್ಕಿ ಕೊಟ್ಟರ?" ಅಂತ ಒಬ್ಬಾಕಿ ಕೇಳಿದ್ಳು. ಅದಕ್ಕ ನನ್ನ ಕಡೆ ಉತ್ತರ ಇದ್ದಿದ್ದಿಲ್ಲ.

ಈಗ ಈ ಫೋಟೋ ಉಳಿಯೂದ ಕಠಿಣ ಆಗೇತಿ. ಆಲಮಟ್ಟಿ ಹಿನ್ನೀರಿಗೆ ಬೀಳಗಿ ತಾಲೂಕಿನ ನದಿ ದಂಡಿ ಹಳ್ಳಿ ಎದ್ದು ಹೋಗೂ ಮುಂದ ಮಂದಿ ತೊಲಿ, ಬಾಗಿಲ, ಹಂಚು ಹೇರಿಕೊಂಡು ಹೋದ್ರು. ಗ್ವಾಡಿ ಮ್ಯಾಲಿನ ಫೋಟೋ ಎಷ್ಟು ಗಾಡಿ ಏರಿದ್ವೋ. 2019ರ ಆಗಸ್ಟಿನ್ಯಾಗ ಕೃಷ್ಣಾ, ಘಟಪ್ರಭಾ ಎರಡೂ ಏರಿದಾಗ ಜಮಖಂಡಿ, ಮುಧೋಳ ತಾಲೂಕಿನ ಮನಿ ಒಳಗ ನೀರ ಹೊಕ್ಕು ಟ್ರಂಕಿನ್ಯಾಗಿನ ಫೋಟೋ ಒಂದಕ್ಕೊಂದು ಅಂಟಿ ಹಪ್ಪಳಧಂಗ ಆದವು. ಹಳೇ ಫೋಟೋದ ಮ್ಯಾಲ ಜಿಲೆಟಿನ್ ಸರ ಇರತೈತಿ, ನೀರ ಬಿತ್ತಂದ್ರ ಅದು ಅಂಬಲಿ. ಗಾಜಿಗೆ ಅಂಟಿದ್ದನ್ನ ಕಿತ್ತಬ್ಯಾಡ್ರಿ, ಮಾರಿ ಗಾಜಿಗೇ ಹೋಗತೈತಿ. ಗಾಜಿನ ಸಮೇತ ಹಂಗ ಒಂದು ಫೋಟೋ ಹೊಡಕೊಂಡು ಇಡ್ರಿ. ನನ್ನ ತವರಿನ ಒಂದು ಫೋಟೋನ ಅಂಗಡ್ಯಾವ ಒಬ್ಬ "ಗಟ್ಟಿ ಮಾಡಿ ಕೊಡತೇನಿ" ಅಂತ ಬಿಸಿ ಪ್ಲಾಸ್ಟಿಕ್ ಹಚ್ಚಿ ಕೊಟ್ಟ, ಎರಡ ವರ್ಷದಾಗ ಹಳದಿ ಆಗಿ ಮೂಗು ಸೈತ ಕಾಣವಲ್ದು. ಪ್ಲಾಸ್ಟಿಕ್ ಬ್ಯಾಡ, ಅಂಟುಪಟ್ಟಿ ಬ್ಯಾಡ, ಹಿಂದ ಬಾಲ್ ಪೆನ್ನಿಲೆ ಒತ್ತಿ ಬರೀಬ್ಯಾಡ್ರಿ. ಮೆತ್ತನ ಪೆನ್ಸಿಲಿಲೆ ಹಗೂರ ಬರೀರಿ. ಹೆಸರು, ಊರು, ಯಾರ ಮಗ, ಮತ್ತ ಯಾರ ಕೈಯಾಗಿನ ರೊಟ್ಟಿ ಉಂಡಾವ ಅನ್ನೂದು.

ದೀಪಾವಳಿ ಸುಣ್ಣ ಹಚ್ಚಾಕ ಫೋಟೋ ಕೆಳಗ ಇಳಸತೀರಲ್ಲ, ಮತ್ತ ಏರಿಸೂ ಮುಂಚೆ ಮನ್ಯಾಗಿನ ಹಿರೇ ಹೆಣ್ಣಮಗಳ ಮುಂದ ಒಂದ ಸಲ ಹಿಡೀರಿ. ಆಕಿ ಪೈಲ್ವಾನನ್ನ ನೋಡದ ಕೌದಿ ನೋಡಿದ್ರ ಸುಮ್ಮನ ಕೂಡ್ರಿ, ಮಾತ ಅಲ್ಲಿಂದನ ಬರತೈತಿ.

ನನ್ನ 35ರಾಗ ಹೆಸರು ಸಿಕ್ಕದ್ದು ಈತನಕ 11. ಉಳದವುಗಳಾಗ ಒಂದು ಜೋಡಿ ಫೋಟೋ ಐತಿ, ಕುಸ್ತಿ ಮೊದಲ ಇಬ್ಬರೂ ಕೈ ಕೂಡಿಸಿ ನಿಂತದ್ದು, ಹಿಂದ ಹಲಿಗಿ ಹಿಡದ ಹುಡುಗ. ರಟ್ಟಿನ ಮ್ಯಾಲ ಮೀರಜ ಅಂತ ಐತಿ, ಸಿಕ್ಕದ್ದು ರಬಕವ್ಯಾಗ. ಎಡಗಡೆ ನಿಂತಾವ ಮುಧೋಳ ಕಡಿಯಾವ ಅಂತ ಇಬ್ಬರು ಹೇಳ್ಯಾರ. ಬಲಗಡ್ಯಾವನ ಎಡಗಿವಿ ಒಡದೈತಿ, ಕೊರಳಾಗ ಕರೀ ದಾರದ ತಾಯತ ಐತಿ, ಬಲ ಮೊಣಕಾಲ ಮ್ಯಾಲ ಅಡ್ಡ ಗಾಯದ ಕಲಿ ಐತಿ. ನಿಮ್ಮ ಮನ್ಯಾಗ ಇದರ ಇನ್ನೊಂದು ಪ್ರತಿ ಇದ್ರ ಹಿಂದ ತಿರುವಿ ನೋಡ್ರಿ, ಏನರ ಬರದಿದ್ರ ನನಗ ಹೇಳಿ ಕಳಸ್ರಿ.