ಸೀಮೋಲ್ಲಂಘನಕ್ಕೆ ಕಟ್ಟಿದ ಬುತ್ತಿ

ಹೋದ ವರ್ಷ ದಸರಾ ರಜೆ ಮುಗಿಯಲು ಎರಡು ದಿನ ಉಳಿದಿದ್ದಾಗ ಹುಬ್ಬಳ್ಳಿಯಿಂದ ಅಕ್ಕ ಫೋನು ಮಾಡಿದಳು. “ಹುಡುಗರು ಮನೀನ ತಲಿಮ್ಯಾಲೆ ಹೊತ್ತಾರ. ನಾಳೆ ಲಕ್ಕುಂಡಿಗೆ ಹೋಗೂಣಂತ ಮಾಡೇವಿ. ನೀ ಇತಿಹಾಸದಾಂವ ಅದಿ, ಬಂದು ಒಂದೀಟು ತಿಳಿಸಿ ಹೇಳು.” ಮೂರನೆಯ ಇಯತ್ತೆಯ ಸೊಸಿಗೆ ಶಾಲೆಯಿಂದ ಒಂದು ಕೆಲಸ ಕೊಟ್ಟಿದ್ದರು: ‘ರಜೆಯಲ್ಲಿ ನಾನು ನೋಡಿದ ಸ್ಥಳ’ ಎಂದು ಒಂದು ಪುಟ ಬರೆಯಬೇಕು. ರಜೆಯೆಲ್ಲ ಉಣಕಲ್ ಕೆರೆ ದಂಡೆಯಲ್ಲೂ ನೃಪತುಂಗ ಬೆಟ್ಟದ ಮೇಲೂ ಕಳೆದುಹೋಗಿತ್ತು. ಅವು ದಿನಾ ನೋಡುವ ಜಾಗ, ‘ಸ್ಥಳ’ ಹೇಗಾದಾವು ಎನ್ನುವುದು ಅವಳ ತಕರಾರು.

ಅವ್ವನ ತಕರಾರು ಬೇರೆ. ಮರುದಿನ ಸೀಗಿ ಹುಣ್ಣಿಮೆ. “ಹುಣ್ಣಿಮಿ ದಿನ ಬರಿಗೈಲೆ ಹೊರಗ ಹೋಗಬಾರದು” ಎಂದು ರಾತ್ರಿ ಹತ್ತರವರೆಗೂ ಒಲೆಯ ಮುಂದೆ ನಿಂತಿದ್ದಳು. ಹಾದಿಯಲ್ಲಿ ಹೋಟೆಲು ಬೇಕಾದಷ್ಟಿವೆ ಎಂದು ಅಕ್ಕನ ಗಂಡ ಹೇಳಿ ನೋಡಿದರು. ಉಪಯೋಗವಾಗಲಿಲ್ಲ.

ನನ್ನ ಸಂಶೋಧನೆ ಮುಂಬೈ ಕರ್ನಾಟಕದವರು ಬರೆದ ಪ್ರವಾಸದ ಬರಹಗಳ ಮೇಲೆ. ಆದ್ದರಿಂದ ಮನೆಯವರು ಪಿಕ್ನಿಕ್ಕಿಗೆ ಹೊರಟರೂ ನನಗೆ ಅದರ ಹಿಂದೊಂದು ಅಧ್ಯಾಯ ಕಾಣುತ್ತದೆ. ನಮ್ಮ ಭಾಗದಲ್ಲಿ ಗುಡಿ ಗುಂಡಾರಗಳನ್ನು ‘ನೋಡಲು’ ಹೋಗುವುದು, ಅಂದರೆ ಹರಕೆ ಇಲ್ಲದೆ, ಜಾತ್ರೆ ಇಲ್ಲದೆ, ಬರೀ ನೋಡಲಿಕ್ಕೆಂದು ಹೋಗುವುದು ಅಷ್ಟೇನೂ ಹಳೆಯ ರೂಢಿಯಲ್ಲ. 1866ರಲ್ಲಿ ಲಂಡನ್ನಿನಲ್ಲಿ ‘ಆರ್ಕಿಟೆಕ್ಚರ್ ಇನ್ ಧಾರ್ವಾರ್ ಅಂಡ್ ಮೈಸೂರ್’ ಎಂಬ ದೊಡ್ಡ ಗಾತ್ರದ ಪುಸ್ತಕ ಬಂತು. ಪಿಗೌ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಫೋಟೋಗಳು, ಮೆಡೋಸ್ ಟೇಲರನ ಇತಿಹಾಸ, ಜೇಮ್ಸ್ ಫರ್ಗ್ಯುಸನ್ನನ ಟಿಪ್ಪಣಿ. ನಮ್ಮೂರ ಗುಡಿಗಳನ್ನು ‘ನೋಡುವ ವಸ್ತು’ವಾಗಿಸಿದ ಮೊದಮೊದಲ ಪುಸ್ತಕಗಳಲ್ಲಿ ಇದೂ ಒಂದು. 1882ರಲ್ಲಿ ಫ್ಲೀಟ್ ಸಾಹೇಬ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದ. ಅದೇ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿಗಳು ಹುಬ್ಬಳ್ಳಿ, ಗದಗ, ಬಾದಾಮಿ, ಹೊಸಪೇಟೆಗಳನ್ನು ಜೋಡಿಸಿದವು. ನೋಡಬೇಕಾದದ್ದು ಯಾವುದು ಎಂದು ಪುಸ್ತಕ ಹೇಳಿತು, ಹೋಗುವುದು ಹೇಗೆ ಎಂದು ರೈಲು ಹೇಳಿತು.

ಆದರೆ ನೋಡುವುದಕ್ಕೆ ಕಣ್ಣೀರು ಬೆರೆಸಿದವರು ಆಲೂರ ವೆಂಕಟರಾಯರು. 1905ರಲ್ಲಿ ಅವರು ಹಂಪಿಗೆ ಹೋದರು. ಸೀವೆಲ್ಲನ ‘ಎ ಫರ್ಗಾಟನ್ ಎಂಪೈರ್’ ಬಂದು ಐದು ವರ್ಷವಾಗಿತ್ತಷ್ಟೇ. ಆ ಹಾಳೂರಿನಲ್ಲಿ ಅವರಿಗೆ ಕರ್ನಾಟಕವೆಂಬುದು ಕಂಡಿತು. ಅದು 1917ರಲ್ಲಿ ‘ಕರ್ನಾಟಕ ಗತವೈಭವ’ವಾಯಿತು.

ಈ ಪ್ರವಾಸದ ವಿಷಯದಲ್ಲಿ ನಕ್ಷೆ ಬಿಡಿಸಿ ನೋಡದವರಿಗೆ ಹೊಳೆಯದ ಒಂದು ಸಂಗತಿಯಿದೆ. ಆ ಕಾಲಕ್ಕೆ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಹಂಪಿ ಬಳ್ಳಾರಿ ಜಿಲ್ಲೆಯಲ್ಲಿ, ಎಂದರೆ ಮದರಾಸು ಪ್ರಾಂತದಲ್ಲಿ. ಹರಿಗೋಲು ಹತ್ತಿ ತುಂಗಭದ್ರೆ ದಾಟಿದರೆ ಆನೆಗೊಂದಿ, ಅದು ನಿಜಾಮನದು. ಹುಬ್ಬಳ್ಳಿಯಲ್ಲಿ ಹೊಸಪೇಟೆಯ ರೈಲು ಹತ್ತಿದವನು ಗದಗ ಬಿಟ್ಟ ಮೇಲೆ ನಿಜಾಮನ ಸೀಮೆ ಹೊಕ್ಕು, ಕೊಪ್ಪಳ ದಾಟಿ, ಹೊಳೆಯ ಸೇತುವೆ ಮೇಲೆ ಹಾಯ್ದು ಮದರಾಸಿನ ನೆಲದಲ್ಲಿ ಇಳಿಯುತ್ತಿದ್ದ. ಮಾತು ಮಾತ್ರ ಉದ್ದಕ್ಕೂ ಕನ್ನಡ. ಒಂದೇ ಹಗಲಿನ ಪ್ರಯಾಣದಲ್ಲಿ ಮೂರು ಸರಕಾರಗಳು!

ನಮ್ಮಲ್ಲಿ ವಿಜಯದಶಮಿಗೆ ಸೀಮೋಲ್ಲಂಘನ ಎನ್ನುತ್ತಾರೆ. ಊರ ಗಡಿ ದಾಟಿ, ಬನ್ನಿ ಮುಡಿದು, ತಿರುಗಿ ಬಂದು ಹಿರಿಯರ ಕೈಗೆ ಎಲೆಯಿಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎನ್ನುವ ಹಬ್ಬ. ರಾಜರಿಗೆ ಅದು ದಂಡಯಾತ್ರೆಯ ಹೊತ್ತು. ಮಳೆ ನಿಂತಿರುತ್ತದೆ, ಹಾದಿ ಒಣಗಿರುತ್ತದೆ, ಹೊಳೆ ಇಳಿದಿರುತ್ತದೆ. ಸಾಲಿ ಮಾಸ್ತರರಿಗೂ ವಕೀಲರಿಗೂ ಅದೇ ಹೊತ್ತು ರಜೆಯಾಗಿ ಉಳಿಯಿತು. ಬೇಂದ್ರೆಯವರ ಗೆಳೆಯರ ಗುಂಪು 1926ರಲ್ಲಿ ನಾಡಹಬ್ಬ ಶುರುಮಾಡಿದ್ದೂ ಈ ನವರಾತ್ರಿಯಲ್ಲೇ. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, ಉಳಿದದ್ದು 1956ರಲ್ಲಿ ಕೂಡಿತು. ಹಂಪಿ ನೋಡಲು ಹೋಗುವವರು ದಾಟಬೇಕಾದ ಸೀಮೆಗಳು ಹೀಗೆ ಅಳಿಸಿಹೋದವು. ಆ ಅಳಿಸುವಿಕೆಯಲ್ಲಿ ನೋಡಲು ಹೋದವರ ಪಾಲೂ ಇದೆ ಎಂಬುದು ನನ್ನ ಮೂರನೆಯ ಅಧ್ಯಾಯದ ವಾದ. ಈಗಲೂ ಅದನ್ನು ಬಿಟ್ಟುಕೊಡುವುದಿಲ್ಲ.

ಆ ಅಧ್ಯಾಯಕ್ಕೆಂದೇ ಎರಡು ವರ್ಷದ ಹಿಂದೆ ಅವ್ವನನ್ನೂ ಕೇಳಿದ್ದೆ. ಆಕೆ ನವಲಗುಂದ ತಾಲೂಕಿನ ಒಂದು ಹಳ್ಳಿಯವಳು. “ಸಣ್ಣಾಕಿ ಇದ್ದಾಗ ಎಲ್ಲೆಲ್ಲಿ ಟೂರ್ ಹೋಗಿದ್ದಿ?” “ಎಲ್ಲೀ ಟೂರೋ ಯಪ್ಪಾ. ನಮ್ಮಪ್ಪ ಹಂಪಿ ನೋಡಿ ಬಂದಿದ್ದ, ಹೇಳತಿದ್ದ. ನಾವು ಎಲ್ಲೂ ಹೋಗಿಲ್ಲ.” ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ ‘ಪ್ರವಾಸ: ಇಲ್ಲ’ ಎಂದು ಬರೆದುಕೊಂಡೆ.

ಕಾರು ಹುಬ್ಬಳ್ಳಿ ಬಿಟ್ಟಿತು. ಹಾದಿಯ ಎರಡೂ ಕಡೆ ಎರಿ ಹೊಲ. ಹತ್ತಿ ಅಲ್ಲಲ್ಲಿ ಒಡೆದಿತ್ತು, ಮೆಣಸಿನಗಿಡ ಹೂವಾಡುತ್ತಿತ್ತು, ಹಿಂಗಾರಿ ಜೋಳಕ್ಕೆ ನೆಲ ಹದ ಮಾಡಿಟ್ಟಿದ್ದರು. ಪಂಪನ ಊರೆಂದು ಅಣ್ಣಿಗೇರಿಯಲ್ಲಿ ಇಳಿಯಬೇಕೆಂದಿದ್ದೆ, ಅಮೃತೇಶ್ವರ ಗುಡಿಯನ್ನೂ ತೋರಿಸಬಹುದಿತ್ತು. ನಾಲ್ಕು ವರ್ಷದ ಅಳಿಯ ನಿದ್ದೆ ಹೋಗಿದ್ದ, ಬಿಟ್ಟೆವು. ಊರು ದಾಟಿ ಸ್ವಲ್ಪ ದೂರ ಹೋಗಿದ್ದೇವೆ, ಅವ್ವ ಒಮ್ಮೆಲೆ “ಗಾಡಿ ತರುಬು” ಎಂದಳು. ಏನೋ ಆಯಿತೆಂದು ಅಕ್ಕನ ಗಂಡ ಗಾಬರಿಯಿಂದ ನಿಲ್ಲಿಸಿದರು.

ಎಡಗಡೆ ಹೊಲದಲ್ಲಿ ಒಂದು ಕುಟುಂಬ ಸೀಗಿ ಹುಣ್ಣಿಮೆಯ ಪೂಜೆಗೆ ಕುಳಿತಿತ್ತು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬಂದಿದ್ದರು. ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡುತ್ತಿದ್ದರು. ಅವ್ವ ಗುರುತಿಲ್ಲದ ಆ ಹೆಣ್ಣುಮಕ್ಕಳ ಹತ್ತಿರ ನೆಟ್ಟಗೆ ನಡೆದಳು. ಎರಡು ಮಾತಾಡಿದಳು. ತಿರುಗಿ ನೋಡಿ ನಮ್ಮನ್ನು ಕೈಮಾಡಿ ಕರೆದಳು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಗುರೆಳ್ಳ ಚಟ್ನಿ, ಶೇಂಗಾ ಹೋಳಿಗೆ, ಮೊಸರ ಬುತ್ತಿ: ನಮ್ಮ ಡಬ್ಬಿಯಲ್ಲಿದ್ದದ್ದೇ ಅವರ ಬುಟ್ಟಿಯಲ್ಲೂ ಇತ್ತು. ಅವ್ವ ನಮ್ಮದರಲ್ಲಿ ಒಂದೊಂದು ತುತ್ತು ಮುರಿದು ಅವರ ಚರಗಕ್ಕೆ ಸೇರಿಸಿದಳು. ಆ ಮನೆಯ ಗಂಡಸರು ಕೂಗುತ್ತ ಹೊಲದ ನಾಲ್ಕೂ ಮೂಲೆಗೆ ಚರಗ ಚೆಲ್ಲಿ ಬಂದರು. ಸೊಸಿ ಅವರ ಹಿಂದೆಯೇ ಓಡಿದಳು.

ಪೈರು ಹೊಟ್ಟೆ ಕಟ್ಟುವ ಹೊತ್ತು. ಭೂಮಿತಾಯಿ ಬಸುರಿ, ಅವಳ ಬಯಕೆಯೂಟ ಇದು. ಇಷ್ಟು ನನಗೆ ಪುಸ್ತಕದಿಂದಲೂ ಗೊತ್ತಿತ್ತು. ಬದುವಿನ ಮೇಲೆ ಕುಳಿತು ಉಣ್ಣುವಾಗ ಅವ್ವ ಹೇಳಿದ್ದು ಗೊತ್ತಿರಲಿಲ್ಲ. ಅವಳ ತವರಿನಲ್ಲಿ ಆ ದಿನ ಚಕ್ಕಡಿಗೆ ಕೊಲ್ಲಾರಿ ಕಟ್ಟುತ್ತಿದ್ದರು. ಎತ್ತಿಗೆ ಜೂಲಾ, ಕೊರಳಿಗೆ ಗೆಜ್ಜೆಸರ. ಅಜ್ಜಿ, ಮೂವರು ಅತ್ತೆಯರು, ಹದಿನಾಲ್ಕು ಹುಡುಗರು. ಬೆಳಗಿನ ಜಾವ ಹೊರಟರೆ ದೂರದ ಹೊಲಕ್ಕೆ ತಲುಪಲು ಬಿಸಿಲೇರುತ್ತಿತ್ತು. ಹಾದಿಯಲ್ಲಿ ಚಕ್ಕಡಿಗಳ ಪೈಪೋಟಿ. “ನಮ್ಮವ್ವ ವರ್ಷದಾಗ ತಲಿಬಾಗಿಲಾ ದಾಟಿ ಅಷ್ಟ ದೂರ ಬರತಿದ್ದದ್ದ ಅವತ್ತ ಒಂದಿನಾ ನೋಡು. ಹೊಲದಾಗ ಸೆರಗ ಸೊಂಟಕ್ಕ ಸಿಗಸಿ ನಗತಿದ್ಲು. ಮನ್ಯಾಗ ಹಂಗ ನಕ್ಕಿದ್ದ ನಾ ನೋಡಿಲ್ಲ.” ಸಂಜೆ ಹುಣ್ಣಿಮೆ ಬೆಳಕಿನಲ್ಲಿ ವಾಪಸು.

ಮಳೆ ನಿಂತ ಮೇಲೆ, ನಸುಕಿನಲ್ಲಿ ಎದ್ದು, ಬುತ್ತಿ ಕಟ್ಟಿಕೊಂಡು, ಮಕ್ಕಳೂ ಮರಿಯೂ ಬಂಡಿಯೇರಿ, ಊರ ಸೀಮೆ ದಾಟಿ, ಕಣ್ತುಂಬ ನೋಡಿ, ಬಯಲಲ್ಲಿ ಉಂಡು, ದಣಿದು ಮನೆಗೆ ಬರುವುದು. ಇದು ಪ್ರವಾಸವಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದವನು ನಾನು. ಹಂಪಿ ನೋಡಿ ಬಂದ ನಮ್ಮ ಅಜ್ಜನ ಹೆಸರಿನ ಮುಂದೆ ‘ಹೌದು’ ಎಂದು ಬರೆದವನೂ ನಾನೇ. ಬರೆದಿಟ್ಟವರನ್ನಷ್ಟೇ ಎಣಿಸುತ್ತ ಹೋದರೆ ಪ್ರವಾಸದ ಚರಿತ್ರೆ ಟೋಪಿ, ಪಟಗ ಸುತ್ತಿದವರ ಚರಿತ್ರೆಯಾಗುತ್ತದೆ. ಗತವೈಭವವನ್ನು ನೋಡಲು ಹೊರಟವರ ಬುತ್ತಿ ಕಟ್ಟಿದ್ದು ಯಾರು ಎನ್ನುವುದನ್ನು ನಾನು ಓದಿದ ಬರಹಗಳು ಹೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಲಕ್ಕುಂಡಿ ತಲುಪಿದಾಗ ಮಧ್ಯಾಹ್ನ ಎರಡು. ಬ್ರಹ್ಮ ಜಿನಾಲಯದ ಕಟ್ಟೆಯ ಮೇಲೆ ನಿಂತು ನನ್ನ ಪಾಠ ಶುರುಮಾಡಿದೆ: 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು, ರನ್ನನಿಂದ ‘ಅಜಿತಪುರಾಣ’ ಬರೆಸಿದವಳು, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಸೊಸಿ ಒಳಗಿನ ನಾಲ್ಕು ಮುಖದ ಬ್ರಹ್ಮನ ಸುತ್ತ ಸುತ್ತಿ ಮುಖ ಎಣಿಸುತ್ತಿದ್ದಳು. ಅಳಿಯನಿಗೆ ಮುಸುಕಿನ ಬಾವಿಯ ಮೆಟ್ಟಿಲು ಇಳಿಯುವ ಹಟ. ಅವನ ಹಿಂದೆ ಅಕ್ಕ, ಅವಳ ಹಿಂದೆ ಅವಳ ಗಂಡ. ಕೇಳಿಸಿಕೊಂಡವಳು ಅವ್ವ ಒಬ್ಬಳೇ. “ಸಾವಿರ ಪ್ರತಿ ಅಂದಿ. ಕೈಲೆ ಬರದದ್ದಾ?” “ಹೌದು, ಓಲೆಗರಿ ಮ್ಯಾಲೆ.” “ಬರದವರಿಗೆ ಊಟಕ್ಕ ಹಾಕಿರಬೇಕಲ್ಲ” ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ನಾಲ್ಕು ದಿನ ಬಿಟ್ಟು ಅಕ್ಕ ಸೊಸಿಯ ಪುಟದ ಫೋಟೋ ಕಳಿಸಿದಳು. ಲಕ್ಕುಂಡಿಗೆ ಮೂರು ಸಾಲು, ಅತ್ತಿಮಬ್ಬೆಗೆ ಅದರಲ್ಲಿ ಅರ್ಧ. ಉಳಿದ ಪುಟವೆಲ್ಲ ಹೊಲ, ಟ್ರೇಲರು, ಚರಗ, ಅಜ್ಜಿಗೆ ಗುರುತಿಲ್ಲದವರು ಕೊಟ್ಟ ಹೋಳಿಗೆ. ಮೇಲೆ ‘ಸ್ಥಳದ ಹೆಸರು’ ಎಂದು ಶಾಲೆಯವರು ಅಚ್ಚು ಹಾಕಿಸಿದ ಖಾಲಿ ಗೆರೆ. ಅಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಳು: ಅಣ್ಣಿಗೇರಿ ದಾಟಿದ ಮೇಲೆ ಎಡಕ್ಕೆ.