ಅಕ್ಕಿಯ ಬಂದರು ಬಸರೂರು

ಕರಾವಳಿ ಪ್ರವಾಸವೆಂದರೆ ಮಲ್ಪೆಯ ಮರಳು, ಮರವಂತೆಯ ಅಲೆ, ಕೊಲ್ಲೂರಿನ ದರ್ಶನ. ಈ ಪಟ್ಟಿಯಲ್ಲಿ ಬಸರೂರಿನ ಹೆಸರು ಕಾಣುವುದು ಅಪರೂಪ. ಕುಂದಾಪುರದಿಂದ 5-6 ಕಿ.ಮೀ. ಒಳಗೆ, ವಾರಾಹಿ ನದಿಯ ದಡದಲ್ಲಿರುವ ಈ ಊರು ಪೋರ್ಚುಗೀಸರ ದಾಖಲೆಗಳಲ್ಲಿ 'ಬಾರ್ಸೆಲೋರ್' ಎಂದು ಹೆಸರಾದ ಬಂದರು.

ಕಡಲಿಗೆ ದೂರವಾದ ಊರು ಬಂದರಾದದ್ದು ಹೇಗೆ? ಉತ್ತರ ನದಿಯಲ್ಲೇ ಇದೆ. ಉಬ್ಬರದ ನೀರಿನೊಡನೆ ಹಾಯಿದೋಣಿಗಳು ಒಳನಾಡಿಗೆ ಬರುತ್ತಿದ್ದವು. ಬಯಲಿನ ಅಕ್ಕಿ, ಘಟ್ಟದ ಮೆಣಸು ಇಲ್ಲಿಂದ ಹೊರಡುತ್ತಿದ್ದವು. ಗೋವೆಯ ಪೋರ್ಚುಗೀಸರಿಗೆ ಈ ಅಕ್ಕಿ ಬೇಕೇ ಬೇಕಿತ್ತು. 16ನೇ ಶತಮಾನದಲ್ಲಿ ಅವರು ಈ ಭಾಗದಲ್ಲಿ ಕೋಟೆ ಕಟ್ಟಿದರು. 1665ರ ಫೆಬ್ರವರಿಯಲ್ಲಿ ಶಿವಾಜಿ ತಾನೇ ನೌಕಾಪಡೆಯೊಡನೆ ಬಂದು ಊರನ್ನು ಲೂಟಿ ಮಾಡಿದ್ದೂ ಇಲ್ಲಿನ ಸಂಪತ್ತಿಗಾಗಿಯೇ.

ಈಗ ಆ ವ್ಯಾಪಾರವಿಲ್ಲ. ಮಹಾಲಿಂಗೇಶ್ವರ ದೇವಾಲಯ, ಶಾಸನಗಳು ಮತ್ತು ಕೇರಿಗಳ ಹೆಸರುಗಳು ಉಳಿದಿವೆ. ಅವುಗಳಲ್ಲೊಂದು ಮಂಡಿಕೇರಿ. ಮಂಡಿಯೆಂದರೆ ಸಗಟು ವ್ಯಾಪಾರದ ಅಂಗಡಿ. ಕಲ್ಲಿನ ಅಕ್ಷರ ಸವೆದರೂ ಕೇರಿಯ ಹೆಸರು ಜನರ ಬಾಯಲ್ಲಿ ಬದುಕುತ್ತದೆ. ಬಡಾವಣೆಗೆ ಹೊಸ ಹೆಸರಿಟ್ಟ ದಿನ ಆ ಸಾಕ್ಷಿಯೂ ಅಳಿಯುತ್ತದೆ.

ಮರವಂತೆಗೆ ಹೊರಟವರು ಬಸರೂರಿಗೂ ಒಂದು ಗಂಟೆ ಮೀಸಲಿಡಲಿ. ಕರಾವಳಿಯ ಚರಿತ್ರೆ ಕಡಲ ತೀರದಲ್ಲಷ್ಟೇ ಇಲ್ಲ. ನದಿಯ ದಂಡೆಯಲ್ಲೂ ಇದೆ.