ಮೇಲಿಂದ ನೋಡಿದ ಕಣ್ಣು

ದಿನವಿಡೀ ಟಿವಿಯಲ್ಲಿ ಮಾತಾಡೋ ನನಗೆ, ಗುಟ್ಟು ಕಾಪಾಡುತ್ತಲೇ ಕೆಲಸ ಮಾಡಿದ ಆಲ್ಬರ್ಟ್ ವೀಲನ್ ಅಂದ್ರೆ ಅಚ್ಚರಿ. 1963ರಲ್ಲಿ, ಬರೀ 34ನೇ ವಯಸ್ಸಿಗೆ, ಅವರು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ವಿಜ್ಞಾನ-ತಂತ್ರಜ್ಞಾನ ವಿಭಾಗದ ಮುಖ್ಯಸ್ಥರಾದರು. ಸೋವಿಯತ್ ಕ್ಷಿಪಣಿಗಳನ್ನು ಎಣಿಸೋದು ಹೇಗೆ? ಬಾಹ್ಯಾಕಾಶದಿಂದ ಫೋಟೋ ತೆಗೆದು! ಹೆಕ್ಸಾಗನ್ ಎಂಬ ಬೇಹುಗಾರಿಕಾ ಉಪಗ್ರಹಕ್ಕೆ ಅಡಿಪಾಯ ಬಿದ್ದದ್ದು ಅವರ ಕಾಲದಲ್ಲೇ. ಅದು ಮೊದಲು ಹಾರಿದ್ದು 1971ರಲ್ಲಿ. ಮರುವರ್ಷ ಎರಡೂ ದೇಶಗಳು ಸಾಲ್ಟ್ ಒಪ್ಪಂದಕ್ಕೆ ಸಹಿ ಹಾಕಿದವು. ಒಬ್ಬರನ್ನೊಬ್ಬರು ನಂಬಿದ್ದಕ್ಕಲ್ಲ ಸ್ವಾಮಿ, ಮೋಸ ಮಾಡಿದ್ರೆ ಮೇಲಿಂದ ಕಾಣುತ್ತೆ ಅನ್ನೋ ಧೈರ್ಯಕ್ಕೆ!

1986ರಲ್ಲಿ ಚಾಲೆಂಜರ್ ನೌಕೆ ದುರಂತದಲ್ಲಿ ಏಳು ಮಂದಿ ಸತ್ತಾಗ, ತನಿಖಾ ಆಯೋಗದಲ್ಲೂ ವೀಲನ್ ಇದ್ದರು. ಹೆಕ್ಸಾಗನ್ ಗುಟ್ಟು ಅಧಿಕೃತವಾಗಿ ಬಯಲಾದದ್ದು 2011ರಲ್ಲಿ, ಅವರು ತೀರಿಕೊಂಡದ್ದು 2013ರಲ್ಲಿ. ಆ ಕೆಲಸಕ್ಕೆ ಬಹಿರಂಗವಾಗಿ ಚಪ್ಪಾಳೆ ಕೇಳೋಕೆ ಸಿಕ್ಕಿದ್ದು ಎರಡೇ ವರ್ಷ.